ತುಟಿಯಲ್ಲಿ ಬೊಕ್ಕೆ ಇದ್ದವರಿಗೆ ಬೇರೆ ಕಡೆ ಬರುವುದಿಲ್ವಾ?

ನನ್ನ ಮೇಲ್ತುಟಿಯ ಬಲಗಡೆ, ತುಟಿಯ ಅಂಚಿನಲ್ಲೇ ಒಂದು ಜಾಗ ಇದೆ. ಮೊದಲು ಅಲ್ಲಿ ಇರುವೆ ಹರಿದ ಹಾಗಾಗುತ್ತದೆ. ಸಂಜೆ ಹೊತ್ತಿಗೆ ಚುರುಚುರು. ಮಾರನೇ ದಿನ ಬೆಳಿಗ್ಗೆ ಕನ್ನಡಿ ನೋಡಿದರೆ ಸಾಸಿವೆ ಕಾಳಿನಷ್ಟು ನಾಲ್ಕೈದು ನೀರ್ಗುಳ್ಳೆ ಒತ್ತೊತ್ತಾಗಿ ಕೂತಿರುತ್ತವೆ. ಒಡೆದು, ಹೆಕ್ಕಳೆ ಕಟ್ಟಿ, ಉದುರಲು ಎಂಟು ಹತ್ತು ದಿನ ಬೇಕು. ಒಂಬತ್ತನೇ ವಯಸ್ಸಿನಿಂದ ಹೀಗೇ. ಜ್ವರ ಬಂದರೆ ಬರುತ್ತದೆ, ನಿದ್ದೆಗೆಟ್ಟರೆ ಬರುತ್ತದೆ, ಶಿರಸಿ ಜಾತ್ರೆಯಲ್ಲಿ ಬಿಡಕಿಬೈಲಿನ ಬಿಸಿಲಿಗೆ ಅರ್ಧ ದಿನ ನಿಂತರಂತೂ ಬಂದೇ ಬರುತ್ತದೆ.

ಆಯಿ ಇದನ್ನು ಜ್ವರದ ಬೊಕ್ಕೆ ಅನ್ನುತ್ತಿದ್ದಳು. ಮುರುಗಲು ತುಪ್ಪದ ಉಂಡೆಯನ್ನು ಒಲೆಯ ಹತ್ತಿರ ಹಿಡಿದು ಮೆತ್ತಗೆ ಮಾಡಿ ಸವರುತ್ತಿದ್ದಳು. ರಾತ್ರಿ ಹಲ್ಲಿ ಉಚ್ಚೆ ಹೊಯ್ದಿರಬೇಕು ಅಂತ ಪಕ್ಕದ ಮನೆ ಅಜ್ಜಿ. ಇದು ಹರ್ಪಿಸ್ ಅನ್ನುವ ವೈರಸ್ ಅಂತ ನನಗೆ ಗೊತ್ತಾದದ್ದು ಮದುವೆಯಾಗಿ ಕುಮಟಾಕ್ಕೆ ಬಂದ ಮೇಲೆ. ಅಲ್ಲಿಯವರೆಗೆ ಹರ್ಪಿಸ್ ಅಂದರೆ ಸರ್ಪಸುತ್ತು ಅಂತಲೇ ತಿಳಿದಿದ್ದೆ. ಎಷ್ಟೋ ಜನ ಈಗಲೂ ಹಾಗೇ ತಿಳಿದಿದ್ದಾರೆ. ಸರ್ಪಸುತ್ತು ಬೇರೆ. ಅದು ಚಿಕ್ಕಂದಿನಲ್ಲಿ ಬಂದ ಸಿಡುಬಿನಂಥ ಗುಳ್ಳೆಯ, ಅಂದರೆ ಚಿಕನ್‌ಪಾಕ್ಸ್‌ನ ವೈರಸ್ ಮತ್ತೆ ಎದ್ದು ಬರುವುದು. ಎರಡೂ ಒಂದೇ ವಂಶದವು, ಕೆಲಸ ಬೇರೆ ಬೇರೆ.

ಇಷ್ಟೆಲ್ಲ ಯಾಕೆ ಹೇಳುತ್ತಿದ್ದೇನೆ ಅಂದರೆ, ಸಂಬಂಧದಲ್ಲಿ ನನಗೆ ತಂಗಿಯಾಗುವ ಹುಡುಗಿಯೊಬ್ಬಳು ಒಂದು ಮಧ್ಯಾಹ್ನ ಕಾರವಾರದಿಂದ ಫೋನ್ ಮಾಡಿ, ಹತ್ತು ನಿಮಿಷ ಮಾತೇ ಆಡದೆ ಅತ್ತಳು. (ಅವಳನ್ನು ಕೇಳಿಯೇ ಬರೆಯುತ್ತಿದ್ದೇನೆ, ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ಯಾರು ಅಂತ ದಯವಿಟ್ಟು ಹುಡುಕಬೇಡಿ.) ಮದುವೆಯಾಗಿ ಏಳು ತಿಂಗಳು. ಕೆಳಗೆ ಗುಳ್ಳೆ ಎದ್ದು, ಜ್ವರ ಬಂದು, ಮೂತ್ರಕ್ಕೆ ಹೋಗುವಾಗ ಜೀವ ಹೋಗುವಷ್ಟು ಉರಿ. ಒಬ್ಬ ಡಾಕ್ಟರ ಹತ್ತಿರ ಹೋದರೆ ಅವರು ನೋಡಿ, ಇದು ಹರ್ಪಿಸ್, ಎಲ್ಲಿಂದ ಬಂತು ಅಂತ ಗಂಡನನ್ನೇ ಕೇಳಿ ಅಂದರಂತೆ. ಅಷ್ಟೇ. ಒಂದು ಚೀಟಿ, ಒಂದು ಮಾತು, ಮುಂದಿನವರು ಬನ್ನಿ.

ಆ ಒಂದು ಮಾತಿನಿಂದ ಆ ಮನೆಯಲ್ಲಿ ಹದಿನೈದು ದಿನ ಒಲೆ ಸರಿಯಾಗಿ ಉರಿಯಲಿಲ್ಲ. ಇವಳಿಗೆ ಗಂಡನ ಮೇಲೆ ಅನುಮಾನ. ಗಂಡನಿಗೆ, ನಾನು ಏನೂ ಮಾಡಿಲ್ಲ ಅಂದ ಮೇಲೆ ಇವಳೇ ಏನೋ ಮುಚ್ಚಿಡುತ್ತಿದ್ದಾಳೆ ಅಂತ ಅನುಮಾನ. ಇಬ್ಬರೂ ತಪ್ಪು ಮಾಡಿರಲಿಲ್ಲ.

ನನಗೆ ಥಟ್ಟನೆ ನೆನಪಾದದ್ದು ಅವರ ಮದುವೆ ಫೋಟೋ. ಮದುಮಗನ ಕೆಳತುಟಿಯಲ್ಲಿ ಮೇಕಪ್ ಹಚ್ಚಿದರೂ ಕಾಣುವ ಒಂದು ಹೆಕ್ಕಳೆ. ಆವತ್ತೇ ನೋಡಿ, ಪಾಪ, ಇವನಿಗೂ ನನ್ನ ಹಾಗೇ ಜ್ವರದ ಬೊಕ್ಕೆ ಅಂದುಕೊಂಡಿದ್ದೆ. "ಕೂಸೇ, ಅವನ ತುಟಿಯಲ್ಲಿ ಬೊಕ್ಕೆ ಬರ್ತದಲ್ಲ, ನಿಂಗೆ ಯಾವತ್ತಾದರೂ ಬಂದಿತ್ತಾ?" ಅಂತ ಕೇಳಿದೆ. ಇಲ್ಲ ಅಕ್ಕ, ಒಂದು ಸಲವೂ ಇಲ್ಲ ಅಂದಳು. ಬಾಯಿಯಿಂದ ಅಲ್ಲಿ ಸಂಪರ್ಕ ಆಗಿತ್ತಾ ಅಂತಲೂ ಕೇಳಿದೆ. ಅಕ್ಕತಂಗಿಯರ ನಡುವೆಯೂ ನಾವು ಇಂಥದ್ದು ಕೇಳುವುದಿಲ್ಲ, ಗೊತ್ತು. ಅವತ್ತು ಕೇಳಲೇಬೇಕಿತ್ತು. ಸ್ವಲ್ಪ ಹೊತ್ತು ಸುಮ್ಮನಿದ್ದು ಹೂಂ ಅಂದಳು.

ಬೇರೆ ಡಾಕ್ಟರ ಹತ್ತಿರ ಹೋಗಿ, ಹುಣ್ಣಿನಿಂದಲೇ ಹತ್ತಿಯಲ್ಲಿ ಒರೆಸಿ ತೆಗೆದ ಸ್ಯಾಂಪಲ್ ಪರೀಕ್ಷೆಗೆ ಕಳಿಸಿದರು. ವೈರಸ್ ಟೈಪ್ 1 ಅಂತ ಬಂತು.

ಈ ಟೈಪ್ ಅನ್ನುವುದೇ ಇಡೀ ವಿಷಯದ ಕೀಲಿ. ಹರ್ಪಿಸ್ ಸಿಂಪ್ಲೆಕ್ಸ್‌ನಲ್ಲಿ ಎರಡು ಬಗೆ. ಟೈಪ್ 1 ಹೆಚ್ಚಾಗಿ ಬಾಯಿಯದು, ಮಕ್ಕಳಾಗಿರುವಾಗಲೇ ಮನೆಯವರ ಮುತ್ತಿನಿಂದ, ಎಂಜಲಿನಿಂದ ಬರುವಂಥದ್ದು. ಟೈಪ್ 2 ಹೆಚ್ಚಾಗಿ ಕೆಳಗಿನದು, ಲೈಂಗಿಕ ಸಂಪರ್ಕದಿಂದ ಬರುವುದು. ವಿಶ್ವ ಆರೋಗ್ಯ ಸಂಸ್ಥೆ 2016ರ ಲೆಕ್ಕ ಕೊಟ್ಟಾಗ 50 ವರ್ಷದೊಳಗಿನ ಸುಮಾರು 370 ಕೋಟಿ ಜನರಿಗೆ ಟೈಪ್ 1 ಇದೆ ಅಂದಿತ್ತು. ನೂರಕ್ಕೆ 67 ಜನ! ಹೆಚ್ಚಿನವರಿಗೆ ಇದೆ ಅಂತಲೇ ಗೊತ್ತಿರುವುದಿಲ್ಲ. ಆದರೆ ಟೈಪ್ 1 ಬಾಯಿಗೇ ಸೀಮಿತ ಅಂತೇನಿಲ್ಲ. ಅದು ಮೊದಲ ಸಲ ಎಲ್ಲಿ ಒಳಗೆ ಹೋಗುತ್ತದೋ ಅಲ್ಲೇ ಮನೆ ಮಾಡುತ್ತದೆ. ಬಾಯಿಯಿಂದ ಹೋದದ್ದು ಕಿವಿಯ ಮುಂದೆ ತಲೆಬುರುಡೆಯ ಒಳಗಿರುವ ನರದ ಗಂಟಿನಲ್ಲಿ ಮಲಗುತ್ತದೆ, ಕೆಳಗಿನಿಂದ ಹೋದದ್ದು ಸೊಂಟದ ಕೆಳಗಿನ ನರದ ಗಂಟಿನಲ್ಲಿ. ಚಿಕ್ಕಂದಿನಲ್ಲಿ ಈ ವೈರಸ್ ತಾಗದೇ ಬೆಳೆದವರಿಗೆ ಮೊದಲ ಪರಿಚಯ ಮದುವೆಯ ನಂತರ, ಅದೂ ಕೆಳಗೇ ಆಗುವುದು ಈಗ ಬಹಳ ದೇಶಗಳಲ್ಲಿ ಜಾಸ್ತಿಯಾಗಿದೆ. ನನ್ನ ತಂಗಿಗೆ ಆದದ್ದೂ ಅದೇ. ಇನ್ನೊಂದು ಮಾತು, ರಿಪೋರ್ಟಿನಲ್ಲಿ ಟೈಪ್ 2 ಅಂತ ಬಂದಿದ್ದರೂ ಯಾರ ಮೇಲೂ ಬೆರಳು ತೋರಿಸುವ ಹಾಗಿರಲಿಲ್ಲ. ಅದು ವರ್ಷಗಟ್ಟಲೆ ಸದ್ದಿಲ್ಲದೆ ಇದ್ದು ಆಮೇಲೆ ಎದ್ದು ಬರಬಹುದು. ಯಾವಾಗ ಬಂತು ಅಂತ ಅದು ಹೇಳುವುದಿಲ್ಲ.

ಎಲ್ಲ ತಿಳಿಯಾದ ಮೇಲೆ ತಂಗಿಯ ಗಂಡ, ನಮ್ಮ ಮನೆಯ ಅಳಿಯ, ನನಗೇ ಫೋನ್ ಮಾಡಿದ. ತುಂಬ ಸಂಕೋಚದ ಹುಡುಗ. "ಅಕ್ಕ, ನಂಗೆ ಬಾಯಲ್ಲಿ ಮೊದಲಿಂದ ಇದೆಯಲ್ಲ, ಇನ್ನು ನಂಗೆ ಬೇರೆ ಕಡೆ ಬರೋದಿಲ್ಲ ಅಲ್ವಾ? ಲಸಿಕೆ ಹಾಕಿದ ಹಾಗೇ ಅಂತ ಗೆಳೆಯ ಹೇಳಿದ" ಅಂದ.

ಅರ್ಧ ನಿಜ. ಈ ಅರ್ಧವನ್ನು ಸರಿಯಾಗಿ ತಿಳಿದುಕೊಳ್ಳಬೇಕು.

ಬಾಯಲ್ಲಿ ಟೈಪ್ 1 ಹಳೆಯದಾಗಿ ಇದ್ದರೆ, ಅದೇ ಟೈಪ್ 1 ಬೇರೆ ಜಾಗದಲ್ಲಿ ಹೊಸದಾಗಿ ಹಿಡಿಯುವುದು ಅಪರೂಪ. ಮೈಯಲ್ಲಿ ಅದರ ವಿರುದ್ಧ ಪ್ರತಿಕಾಯ ತಯಾರಾಗಿರುತ್ತದೆ, ವೈರಸ್ಸಿನ ಮುಖ ಗುರುತಿರುವ ರಕ್ತಕಣಗಳಿರುತ್ತವೆ. ಹಾಗಾಗಿ ಹೆಂಡತಿಯಿಂದ ಅವನದೇ ವೈರಸ್ ಅವನಿಗೆ ಕೆಳಗೆ ವಾಪಸ್ ಬರುವ ಭಯ ಬಹಳ ಕಡಿಮೆ. ಪೂರ್ತಿ ಸೊನ್ನೆ ಅಂತ ಹೇಳಲಾಗುವುದಿಲ್ಲ.

ಆದರೆ ಈ ರಕ್ಷಣೆ ಮೊದಲ ದಿನವೇ ಬರುವುದಿಲ್ಲ. ಸೋಂಕು ಹೊಸದಾಗಿ ತಾಗಿದ ಮೊದಲ ಕೆಲವು ವಾರ, ಪ್ರತಿಕಾಯ ಇನ್ನೂ ಬಲವಾಗದ ಹೊತ್ತಿನಲ್ಲಿ, ಬೊಕ್ಕೆ ಮುಟ್ಟಿದ ಬೆರಳನ್ನು ಎಲ್ಲಿಟ್ಟರೂ ಅಲ್ಲಿ ಹಚ್ಚಿಕೊಳ್ಳಬಹುದು. ಮೊದಲ ಸಲ ಬಂದ ಮಕ್ಕಳು ಬೆರಳು ಚೀಪಿ ಉಗುರಿನ ಬುಡದಲ್ಲಿ ಬೊಕ್ಕೆ ಮಾಡಿಕೊಳ್ಳುವುದು ಹೀಗೇ. ಕಣ್ಣಿನ ವಿಷಯದಲ್ಲಂತೂ ಹಳೆಯ ಸೋಂಕು ಇದ್ದವರಿಗೂ ನೆಮ್ಮದಿ ಇಲ್ಲ. ಆ ನರದ ಗಂಟಿನಿಂದ ಕಣ್ಣಿಗೂ ಒಂದು ಕವಲು ಹೋಗುತ್ತದೆ. ಬೊಕ್ಕೆ ಇರುವಾಗ ಕಣ್ಣು ಕೆಂಪಾಗಿ, ನೋವಾಗಿ, ಬೆಳಕು ನೋಡಲು ಆಗದಿದ್ದರೆ ಮನೆಮದ್ದು ಮಾಡುತ್ತ ಕೂರಬೇಡಿ, ಅದೇ ದಿನ ಕಣ್ಣಿನ ಡಾಕ್ಟರಿಗೆ ತೋರಿಸಿ. ಲೆನ್ಸ್ ಹಾಕುವವರು ಅದನ್ನು ಎಂಜಲಿನಲ್ಲಿ ಒದ್ದೆ ಮಾಡುವುದು ಬಿಡಿ.

ಇನ್ನು ಟೈಪ್ 2. ಲಸಿಕೆ ಹಾಕಿದ ಹಾಗೆ ಅನ್ನುವ ಮಾತು ಪೂರ್ತಿ ಬಿದ್ದುಹೋಗುವುದು ಇಲ್ಲಿ. ತುಟಿಯ ಟೈಪ್ 1 ಇದ್ದರೂ ಟೈಪ್ 2 ತಾಗುತ್ತದೆ. ತಾಗಿದಾಗ ಮೊದಲ ಸಲದ ನೋವು, ಜ್ವರ ಸ್ವಲ್ಪ ಹಗುರ ಇರಬಹುದು, ಎಷ್ಟೋ ಸಲ ಲಕ್ಷಣವೇ ಕಾಣುವುದಿಲ್ಲ. ನನಗೆ ಇದು ಒಳ್ಳೆಯ ಸುದ್ದಿ ಅಂತ ಅನಿಸುವುದೇ ಇಲ್ಲ. ಲಕ್ಷಣ ಕಾಣದವನು ತನಗಿಲ್ಲ ಅಂದುಕೊಂಡು ಇನ್ನೊಬ್ಬರಿಗೆ ದಾಟಿಸುತ್ತಾನಲ್ಲ? ನಿಜವಾದ ಲಸಿಕೆ ತಯಾರಿಸಲು ದೊಡ್ಡ ಪ್ರಯತ್ನಗಳು ನಡೆದಿವೆ. 8,000ಕ್ಕೂ ಹೆಚ್ಚು ಮಹಿಳೆಯರ ಮೇಲೆ ನಡೆದ ಒಂದು ಪರೀಕ್ಷೆಯ ಫಲಿತಾಂಶ 2012ರಲ್ಲಿ ಬಂತು. ಆ ಲಸಿಕೆ ಟೈಪ್ 1ರ ವಿರುದ್ಧ ಸ್ವಲ್ಪ ಕೆಲಸ ಮಾಡಿತು, ಟೈಪ್ 2ರ ವಿರುದ್ಧ ಸೋತಿತು. ವರ್ಷಗಟ್ಟಲೆ ಕೂತು ಮಾಡಿದ ಲಸಿಕೆಯೇ ಸೋತ ಕಡೆ ನಮ್ಮ ತುಟಿಯ ಬೊಕ್ಕೆ ಕಾಪಾಡುತ್ತದೆ ಅಂತ ನಂಬಿ ಕೂರುವುದು ಹೇಗೆ? ಕಾಂಡೋಮ್ ಬೇಕಾದಲ್ಲಿ ಕಾಂಡೋಮೇ ಬೇಕು. ಅದೂ ಮುಚ್ಚದ ಜಾಗದ ಚರ್ಮದಿಂದ ದಾಟಬಹುದು ಅನ್ನುವುದೂ ನೆನಪಿರಲಿ.

ಅಳಿಯನಿಗೆ ಇದನ್ನೆಲ್ಲ ಹೇಳಿ, ಕೊನೆಗೆ ನನಗೆ ಅನಿಸಿದ್ದನ್ನೂ ಹೇಳಿದೆ. ನಿನಗೆ ಬರುತ್ತದೋ ಇಲ್ಲವೋ ಅಂತ ಕೇಳಿದೆ, ಸರಿ. ನಿನ್ನಿಂದ ಇನ್ನೊಬ್ಬರಿಗೆ ಹೋಗುತ್ತದೋ ಅಂತ ಯಾವತ್ತಾದರೂ ಕೇಳಿಕೊಂಡಿದ್ದೀಯಾ? ನಿನ್ನ ರಕ್ಷಣೆ ನಿನ್ನ ಮೈಯೊಳಗೆ ಮಾತ್ರ. ಇರುವೆ ಹರಿದ ಹಾಗೆ ಆದ ಕ್ಷಣದಿಂದ ಹೆಕ್ಕಳೆ ಉದುರಿ ಹೊಸ ಚರ್ಮ ಕಾಣುವವರೆಗೆ ಮುತ್ತು ಬೇಡ, ಬಾಯಿಯ ಸಂಪರ್ಕ ಎಲ್ಲೂ ಬೇಡ. ಬೊಕ್ಕೆ ಇಲ್ಲದ ದಿನಗಳಲ್ಲೂ ಆಗಾಗ ವೈರಸ್ ಎಂಜಲಿನಲ್ಲಿ ಹೊರಬರುತ್ತದೆ, ಅದನ್ನು ಪೂರ್ತಿ ತಡೆಯಲಾಗದು. ಬೊಕ್ಕೆ ಇರುವ ದಿನಗಳಲ್ಲಾದರೂ ತಡೆಯಬಹುದಲ್ಲ. ಅವನು ಬಹಳ ಹೊತ್ತು ಮಾತಾಡಲಿಲ್ಲ. ನನಗೆ ಯಾರೂ ಹೇಳಿರಲಿಲ್ಲ ಅಕ್ಕ ಅಂದ. ನನಗೂ ಯಾರೂ ಹೇಳಿರಲಿಲ್ಲ. ಆಯಿಯ ಆ ಮುರುಗಲು ತುಪ್ಪದ ಉಂಡೆಯನ್ನು ಮನೆಯ ಎಂಟೂ ಜನ ಸವರಿಕೊಂಡವರೇ.

ಮಾತ್ರೆ ಇದೆ, ಅಸೈಕ್ಲೋವಿರ್. ಅದನ್ನು ಕಂಡುಹಿಡಿದ ತಂಡದ ಗರ್ಟ್ರೂಡ್ ಎಲಿಯನ್ ಅವರಿಗೆ 1988ರಲ್ಲಿ ನೊಬೆಲ್ ಬಂತು. ಚುರುಚುರು ಶುರುವಾದ ಕೂಡಲೇ ತೆಗೆದುಕೊಂಡರೆ ಬೇಗ ಮಾಯುತ್ತದೆ. ನರದಲ್ಲಿ ಮಲಗಿದ್ದನ್ನು ಅದು ತೆಗೆಯುವುದಿಲ್ಲ. ಎಷ್ಟು, ಎಷ್ಟು ದಿನ ಅಂತ ಡಾಕ್ಟರನ್ನೇ ಕೇಳಿ. ತಂಗಿಗೆ ಒಂದು ಸಮಾಧಾನ ಏನೆಂದರೆ, ಕೆಳಗಿನ ಟೈಪ್ 1 ಟೈಪ್ 2ರಷ್ಟು ಮರಳಿ ಮರಳಿ ಬರುವುದಿಲ್ಲ. ಆ ಮೊದಲ ಸಲದ ನಂತರ ಅವಳಿಗೆ ಒಂದೇ ಸಲ ಬಂದಿದೆ.

ಬಸುರಿಯಾದಾಗ ಅವಳು ಮೊದಲ ಭೇಟಿಯಲ್ಲೇ ಡಾಕ್ಟರಿಗೆ ಇದನ್ನು ಹೇಳಿದಳು. ಹೇಳಲು ಎಷ್ಟು ಧೈರ್ಯ ಬೇಕಾಯಿತು ಅಂತ ನನಗೆ ಗೊತ್ತು. ಈ ಡಾಕ್ಟರ್ ಮುಖ ಸಿಂಡರಿಸಲಿಲ್ಲ. ಹಳೆಯ ಸೋಂಕಾದರೆ ತಾಯಿಯ ಪ್ರತಿಕಾಯ ಮಗುವಿಗೂ ಹೋಗುತ್ತದೆ, ಅಪಾಯ ಕಡಿಮೆ, ಕೊನೆಯ ತಿಂಗಳುಗಳಲ್ಲಿ ಹೊಸದಾಗಿ ತಾಗಿದರೆ ಮಾತ್ರ ಬಹಳ ಅಪಾಯ ಅಂತ ಬಿಡಿಸಿ ಹೇಳಿದರಂತೆ. 36ನೇ ವಾರದಿಂದ ಮಾತ್ರೆ ಕೊಟ್ಟರು, ಹೆರಿಗೆ ಹೊತ್ತಿಗೆ ಹುಣ್ಣು ಇದೆಯಾ ಅಂತ ನೋಡಿದರು, ಇರಲಿಲ್ಲ.

ಹನ್ನೆರಡನೇ ದಿನ ನಾಮಕರಣ. ನಾನು ಬೆಳಗಿನ ಬಸ್ಸಿನಲ್ಲಿ ಹೊರಟವಳು ಅಂಕೋಲಾ ದಾಟುವಾಗ ಮೇಲ್ತುಟಿಯ ಬಲಗಡೆ ಇರುವೆ ಹರಿದ ಹಾಗಾಯಿತು. ನವಜಾತ ಮಗುವಿಗೆ ಇದು ತಾಗಿದರೆ ಮಿದುಳಿಗೆ, ಯಕೃತ್ತಿಗೆ ಹೋಗಬಹುದು, ಜೀವಕ್ಕೇ ಅಪಾಯ. ಕಾರವಾರದಲ್ಲಿ ಇಳಿದು ಮೊದಲು ಮಾಸ್ಕ್ ಕೊಂಡೆ. ತೊಟ್ಟಿಲು ಶಾಸ್ತ್ರದ ಹೊತ್ತಿಗೆ ಎಲ್ಲರೂ ಬಗ್ಗಿ ಕೆನ್ನೆಗೆ ಮುತ್ತು ಕೊಡಲು ನಿಂತರೆ ಅಳಿಯ ತೊಟ್ಟಿಲಿನ ತಲೆಹತ್ತಿರವೇ ನಿಂತು, ಮುಖ ಬೇಡ, ಪಾದ ಮುಟ್ಟಿ ಸಾಕು, ಕೈ ತೊಳೆದು ಬನ್ನಿ ಅಂತ ಒಬ್ಬೊಬ್ಬರಿಗೂ ಹೇಳುತ್ತಿದ್ದ. ಅವನ ಅಜ್ಜಿಗೂ ಹೇಳಿದ. ಅಜ್ಜಿಗೆ ಸಿಟ್ಟು ಬಂತು, ಆದರೂ ಕೈ ತೊಳೆದೇ ಬಂದರು. ನಾನು ಬಾಗಿಲ ಹತ್ತಿರದಿಂದಲೇ ಕೂಸನ್ನು ನೋಡಿದೆ. ತಂಗಿ ನನ್ನ ಮಾಸ್ಕ್ ನೋಡಿ, ಬಂತಾ ಅಕ್ಕ ಅಂತ ಕಣ್ಣಲ್ಲೇ ಕೇಳಿದಳು. ಹೂಂ ಅಂದೆ.