ತಾಯಿಯ ರೊಟ್ಟಿಯೂ ಬಿಸಿಯಾಗಿರಲಿ

ವಿಜಯಪುರದ ಯಾವುದೇ ಒಳ್ಳೆಯ ಖಾನಾವಳಿಯಲ್ಲಿ ರವಿವಾರ ಮಧ್ಯಾಹ್ನ ಕುಳಿತು ಸುತ್ತ ಒಮ್ಮೆ ಕಣ್ಣಾಡಿಸಿ. ಸಣ್ಣ ಮಗುವಿರುವ ಪ್ರತಿ ಮೇಜಿನಲ್ಲೂ ಒಂದು ತಾಟು ಬಡಿಸಿದಂತೆಯೇ ಉಳಿದಿರುತ್ತದೆ. ಅದು ತಾಯಿಯ ತಾಟು. ಬಿಸಿ ರೊಟ್ಟಿ ಬಂದಿದೆ, ಎಣ್ಣೆಗಾಯಿ ಬಂದಿದೆ, ಹೆಸರುಕಾಳಿನ ಪಲ್ಯ, ಶೇಂಗಾ ಚಟ್ನಿ, ಮೊಸರು ಎಲ್ಲವೂ ಬಂದಿವೆ. ಆಕೆಯ ತೊಡೆಯ ಮೇಲೆ ಮಗು ಕುಳಿತಿದೆ. ಎಡಗೈಯಿಂದ ಮಗುವಿನ ಸೊಂಟ ಹಿಡಿದು, ಬಲಗೈಯಿಂದ ಮೊಸರನ್ನ ಕಲಸಿ ತುತ್ತು ಮಾಡುತ್ತಾಳೆ. ಮಗು ಬಾಯಿ ತೆರೆಯುವ ಬದಲು ನೀರಿನ ಲೋಟಕ್ಕೆ ಕೈ ಚಾಚುತ್ತದೆ. ಲೋಟ ಸರಿಸಿದರೆ ಉಳ್ಳಾಗಡ್ಡಿಯ ತಟ್ಟೆಗೆ, ಅದನ್ನೂ ಸರಿಸಿದರೆ ಕೆಂಪು ಖಾರದ ಬಟ್ಟಲಿಗೆ. ಗಂಡ ಮೂರನೆಯ ರೊಟ್ಟಿಗೆ ಕೈಯೆತ್ತಿ ಬಡಿಸುವವನನ್ನು ಕರೆಯುತ್ತಾನೆ. ಆಕೆ ಮೊದಲ ತುತ್ತು ಮುರಿಯುವ ಹೊತ್ತಿಗೆ ರೊಟ್ಟಿ ಆರಿ, ಬಿರುಸಾಗಿ, ಅಂಚು ಮೇಲೆದ್ದಿರುತ್ತದೆ. ಜೋಳದ ಮೆತ್ತನೆಯ ರೊಟ್ಟಿಯ ಸುಖವೆಲ್ಲ ಹಂಚಿನಿಂದ ಇಳಿದ ಮೊದಲ ಕೆಲವು ನಿಮಿಷಗಳದ್ದು ಎಂಬುದನ್ನು ನಮ್ಮ ಭಾಗದವರಿಗೆ ನಾನು ಹೇಳಬೇಕಾಗಿಲ್ಲ.

ನಾನು ಹುಟ್ಟಿ ಬೆಳೆದದ್ದು ವಿಜಯಪುರದಲ್ಲಿ, ಸಂಸಾರ ಹೂಡಿದ್ದು ಜರ್ಮನಿಯ ಮ್ಯೂನಿಕ್‌ನಲ್ಲಿ. ಮಕ್ಕಳ ಶಾಲೆಗೆ ಡಿಸೆಂಬರ್ ರಜೆ ಬಿಟ್ಟಾಗ ಊರಿಗೆ ಬರುತ್ತೇವೆ. ಎರಡೂ ಕಡೆ ಗೆಳೆಯರ ಕುಟುಂಬಗಳೊಂದಿಗೆ ಹೊರಗೆ ಊಟಕ್ಕೆ ಹೋಗುವುದು ನಮ್ಮ ಮನೆಯವರಿಗೆಲ್ಲ ಇಷ್ಟ. ಮಕ್ಕಳನ್ನು ನಮ್ಮ ಊರಿನವರಷ್ಟು ಎತ್ತಿ ಮುದ್ದಾಡುವ ಜನರನ್ನು ನಾನು ಬೇರೆಲ್ಲೂ ಕಂಡಿಲ್ಲ. ಆದರೆ ನಮ್ಮ ಊರಿನ ಊಟದ ಮನೆಗಳಲ್ಲಿ ಮಗುವಿಗೆಂದು ಒಂದು ಜಾಗವಿಲ್ಲ, ಮತ್ತು ಆ ಕೊರತೆಯ ಬೆಲೆಯನ್ನು ಪ್ರತಿ ಸಲವೂ ತೆರುವವಳು ತಾಯಿ. ಇದು ನನ್ನನ್ನು ಕಾಡುತ್ತದೆ.

ಮ್ಯೂನಿಕ್‌ನ ಸಾಮಾನ್ಯ ಹೋಟೆಲೊಂದಕ್ಕೆ ಮಗುವನ್ನು ಎತ್ತಿಕೊಂಡು ಹೋದರೆ, ಊಟದ ಪಟ್ಟಿಗಿಂತ ಮೊದಲು ಬರುವುದು ಮಗುವಿನ ಎತ್ತರದ ಕುರ್ಚಿ. ಹೆಚ್ಚಿನ ಕಡೆ ಬಣ್ಣದ ಪೆನ್ಸಿಲುಗಳೂ ಚಿತ್ರ ಬಿಡಿಸಿದ ಹಾಳೆಯೂ ಬರುತ್ತವೆ. ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಕೆಲವು ಹೋಟೆಲುಗಳಲ್ಲಿ ಸಿಗುವ ‘ದರೋಡೆಕೋರನ ತಟ್ಟೆ’. ಹೆಸರು ಹಾಗಿದ್ದರೂ ಅದು ಬರೀ ಖಾಲಿ ತಟ್ಟೆ, ಜೊತೆಗೆ ಚಮಚ, ಮುಳ್ಳುಚಮಚ. ದುಡ್ಡಿಲ್ಲ, ಅಥವಾ ಹೆಸರಿಗಷ್ಟು ದುಡ್ಡು. ಮಗು ಅಪ್ಪನ ತಟ್ಟೆಯಿಂದ ಒಂದು ಆಲೂಗಡ್ಡೆ, ಅಮ್ಮನ ತಟ್ಟೆಯಿಂದ ಎರಡು ಕ್ಯಾರೆಟ್ ತುಂಡು, ಗೆಳೆಯರ ತಟ್ಟೆಯಿಂದ ಇನ್ನೇನೋ ಕದ್ದು ತನ್ನ ತಟ್ಟೆ ತುಂಬಿಸಿಕೊಳ್ಳುತ್ತದೆ. ಮೂರು ವರ್ಷದ ಮಗುವಿಗೆ ಇಡೀ ಊಟ ತರಿಸಿ ಅರ್ಧ ಚೆಲ್ಲುವ ಪ್ರಮೇಯವಿಲ್ಲ. ಮಗು ತಾನೇ ಆರಿಸಿಕೊಂಡದ್ದರಿಂದ ತಕರಾರಿಲ್ಲದೆ ತಿನ್ನುತ್ತದೆ. ನಮ್ಮಲ್ಲಿ ಹೊಟ್ಟೆ ತುಂಬ ಬಡಿಸುವ ಊಟದ ಮನೆಗಳಲ್ಲಿ ‘ಒಂದು ಊಟ ಇಬ್ಬರು ಹಂಚಿಕೊಳ್ಳುವಂತಿಲ್ಲ’ ಎಂಬ ಬೋರ್ಡು ನೇತುಹಾಕಿರುತ್ತಾರೆ. ಒಂದು ಕಡೆ ನಮ್ಮ ಚಿಕ್ಕವನಿಗೆ ತಾಟು ಬೇರೆ ಕೇಳಿದ್ದಕ್ಕೆ ಪೂರ್ತಿ ಊಟದ ಚೀಟಿ ಹರಿದರು. ಅವನು ತಿಂದದ್ದು ಅರ್ಧ ರೊಟ್ಟಿ. ಮಾಲೀಕರ ಕಷ್ಟ ನನಗೆ ಅರ್ಥವಾಗುತ್ತದೆ. ದೊಡ್ಡವರು ಹಂಚಿಕೊಂಡು ಉಂಡರೆ ಆ ಲೆಕ್ಕದಲ್ಲಿ ಅಂಗಡಿ ನಡೆಯುವುದಿಲ್ಲ. ಆದರೆ ಹಾಲುಹಲ್ಲಿನ ಮಗುವಿಗೆ ಆ ನಿಯಮ ಏಕೆ?

ಹೊತ್ತಿನ ವಿಷಯವೂ ಇದೆ. ಅಲ್ಲಿ ಮಕ್ಕಳಿರುವ ಕುಟುಂಬಗಳು ಸಂಜೆ ಆರಕ್ಕೆಲ್ಲ ಮೇಜಿಗೆ ಬರುತ್ತವೆ, ಎಂಟಕ್ಕೆ ಮಕ್ಕಳು ಹಾಸಿಗೆಯಲ್ಲಿರುತ್ತಾರೆ. ನಮ್ಮ ಊರಿನಲ್ಲಿ ಗೆಳೆಯರು ಕೂಡಿ ಊಟಕ್ಕೆ ಹೊರಡುವುದೇ ಒಂಬತ್ತರ ಮೇಲೆ. ಊಟ ಬರುವಷ್ಟರಲ್ಲಿ ಮಗು ನಿದ್ದೆಗಣ್ಣಿನಲ್ಲಿ ರಂಪ ಮಾಡುತ್ತದೆ, ಇಲ್ಲವೇ ಹೆಗಲ ಮೇಲೆ ಹಸಿದೇ ಮಲಗಿರುತ್ತದೆ.

ಆ ದೇಶದ್ದೆಲ್ಲ ಮೇಲು ಎಂದು ಹೇಳಲು ನಾನು ಸಿದ್ಧನಿಲ್ಲ. ಅಲ್ಲಿಯ ಮಕ್ಕಳ ಊಟದ ಪಟ್ಟಿ ಎಲ್ಲಿ ಹೋದರೂ ಒಂದೇ: ಕರಿದ ಆಲೂಗಡ್ಡೆ, ಸಾಸ್ ಸುರಿದ ನೂಡಲ್ಸ್, ಕರಿದ ಮಾಂಸದ ತುಂಡು. ದೊಡ್ಡವರ ತಟ್ಟೆಯಲ್ಲಿ ಋತುವಿಗೆ ತಕ್ಕ ತರಕಾರಿ ಇದ್ದರೂ ಮಕ್ಕಳ ತಟ್ಟೆಗೆ ಅದು ಇಳಿಯುವುದಿಲ್ಲ. ಇನ್ನೊಂದು, ಅಲ್ಲಿ ಮಗು ಅಪ್ಪ ಅಮ್ಮನದು ಮಾತ್ರ. ಪಕ್ಕದಲ್ಲಿ ಕುಳಿತ ಗೆಳೆಯ ಮಗುವಿನ ಕೈಗೆ ಒಂದು ಬಿಸ್ಕತ್ತು ಕೊಡಬೇಕಾದರೂ ನಮ್ಮನ್ನು ಕೇಳಿಯೇ ಕೊಡುತ್ತಾನೆ. ಮಗು ಅತ್ತರೆ ಯಾರೂ ಬೈಯುವುದಿಲ್ಲ, ಯಾರೂ ಎತ್ತಿಕೊಳ್ಳುವುದೂ ಇಲ್ಲ. ಮಗು ಕೂಸಾಗಿದ್ದಾಗ ಆ ತುಂಬಿದ ಹೋಟೆಲುಗಳಲ್ಲಿ ನನ್ನ ಹೆಂಡತಿ ಅನುಭವಿಸಿದ ಒಂಟಿತನ ನನಗೆ ಗೊತ್ತು. ವಿಜಯಪುರದಲ್ಲಾದರೆ ಗಲ್ಲೆಯ ಮೇಲೆ ಕುಳಿತ ಮಾಲೀಕರು ಬಡೇಸೋಪಿನ ಡಬ್ಬಿಯಿಂದ ಕಲ್ಲುಸಕ್ಕರೆ ಆರಿಸಿ ಮಗುವಿನ ಅಂಗೈಗೆ ಹಾಕುತ್ತಾರೆ. ಗುರುತಿಲ್ಲದ ಹಿರಿಯಳೊಬ್ಬಳು ಪಕ್ಕದ ಮೇಜಿನಿಂದಲೇ ಕೈ ಚಾಚಿ, ‘ತಂಗಿ, ಕೂಸನ್ನು ಇತ್ತ ಕೊಡು, ನೀನು ಮೊದಲು ಉಣ್ಣು’ ಎನ್ನುತ್ತಾಳೆ. ಅಂಥ ಒಂದು ಮಾತಿಗೆ ಯಾವ ಕುರ್ಚಿಯೂ ಸಮನಲ್ಲ. ಆದರೆ ಆ ಅವ್ವ ಪ್ರತಿ ಊಟಕ್ಕೂ ಪಕ್ಕದ ಮೇಜಿನಲ್ಲಿ ಇರುವುದಿಲ್ಲ. ಕುರ್ಚಿಯಾದರೆ ಇರುತ್ತದೆ.

ಗೆಳೆಯರ ಕುಟುಂಬಗಳು ಕೂಡಿ ಹೋದಾಗ ನಮ್ಮಲ್ಲಿ ನಡೆಯುವುದು ನನಗೆ ಇನ್ನೂ ಬೇಸರ ತರುತ್ತದೆ. ಗಂಡಸರು ಒಂದು ಮೇಜಿಗೆ, ಹೆಂಗಸರು ಮತ್ತು ಮಕ್ಕಳು ಇನ್ನೊಂದಕ್ಕೆ. ಹಲವು ಹೋಟೆಲುಗಳಲ್ಲಿ ‘ಫ್ಯಾಮಿಲಿ ರೂಮ್’ ಎಂದು ಪರದೆ ಬಿಟ್ಟ ಇಕ್ಕಟ್ಟಾದ ಗೂಡುಗಳಿವೆ. ಅಲ್ಲಿ ಮಗು ಕೆಳಗಿಳಿದರೆ ಕಾಲಿಡಲು ಜಾಗವಿಲ್ಲ. ಐದು ಮಕ್ಕಳು ಒಂದೆಡೆ ಸೇರಿದಾಗ ಗದ್ದಲ ಸಹಜ. ಅದನ್ನು ಅಡಗಿಸಲು ಯಾರದೋ ಮೊಬೈಲು ಹೊರಬರುತ್ತದೆ, ಮೇಜಿನ ಮೇಲೆ ನೀರಿನ ಜಗ್ಗಿಗೆ ಆನಿಸಿ ನಿಲ್ಲುತ್ತದೆ, ಐದೂ ಮಕ್ಕಳ ಕತ್ತು ಒಂದೇ ಕಡೆ ತಿರುಗುತ್ತದೆ. ತುತ್ತು ಬಾಯಿಗೆ ಹೋಗುತ್ತಿರುತ್ತದೆ, ಏನು ತಿನ್ನುತ್ತಿದ್ದೇವೆಂದು ಮಗುವಿಗೆ ಗೊತ್ತಿರುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೊರತಂದ ಮಾರ್ಗಸೂಚಿಯ ಪ್ರಕಾರ ಒಂದು ವರ್ಷದ ಮಗುವಿಗೆ ಮೊಬೈಲು, ಟಿ.ವಿ.ಯ ಪರದೆ ಬೇಡವೇ ಬೇಡ, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಬೇಡ. ನಮ್ಮ ಒಂದು ರಾತ್ರಿಯ ಊಟದಲ್ಲಿ ಆ ಗಂಟೆ ತೀರಿಹೋಗುತ್ತದೆ.

ಮಕ್ಕಳಿಗೆ ತರಿಸುವ ತಿಂಡಿಯಾದರೂ ಎಂಥದು? ಗೋಬಿ ಮಂಚೂರಿ, ಕೆಂಪು ನೂಡಲ್ಸ್. ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕಬಾರದೆಂದು ನಮ್ಮ ಸರ್ಕಾರ 2024ರ ಮಾರ್ಚ್‌ನಲ್ಲಿ ನಿಷೇಧ ಹೊರಡಿಸಬೇಕಾಗಿ ಬಂತು. ‘ಊಟ ಖಾರವಿದೆ, ಮಕ್ಕಳು ತಿನ್ನುವುದಿಲ್ಲ’ ಎಂಬುದು ಇದಕ್ಕೆ ಕೊಡುವ ಕಾರಣ. ಖಾರವಿದೆ ನಿಜ. ಆದರೆ ಅದೇ ಖಾನಾವಳಿಯ ಅಡುಗೆಮನೆಯಲ್ಲಿ ಬಿಸಿ ರೊಟ್ಟಿಯಿದೆ, ತುಪ್ಪವಿದೆ, ಬೆಲ್ಲವಿದೆ, ಕೆನೆಮೊಸರಿದೆ, ಚಹಾಕ್ಕೆ ಕಾಯಿಸಿದ ಹಾಲಿದೆ, ಎಷ್ಟೋ ಕಡೆ ಶೇಂಗಾ ಹೋಳಿಗೆಯೂ ಇದೆ. ಬಿಸಿ ರೊಟ್ಟಿ ಮುರಿದು ಹಾಲು ಬೆಲ್ಲ ಹಾಕಿ ಹಿಸುಕಿದರೆ ನಮ್ಮ ಭಾಗದ ಎಷ್ಟೋ ತಲೆಮಾರಿನ ಮಕ್ಕಳು ಉಂಡು ಬೆಳೆದ ಊಟ ಸಿದ್ಧ. ಮ್ಯೂನಿಕ್‌ನ ಮಕ್ಕಳ ಪಟ್ಟಿಯನ್ನು ಇದರ ಮುಂದೆ ನಿವಾಳಿಸಿ ಒಗೆಯಬೇಕು. ಒಬ್ಬ ಮಾಲೀಕರೂ ಇದನ್ನು ಗೋಡೆಯ ಪಟ್ಟಿಯಲ್ಲಿ ಬರೆಸಿದ್ದನ್ನು ನಾನು ಕಂಡಿಲ್ಲ.

ಮ್ಯೂನಿಕ್‌ನಲ್ಲಿ ಕನ್ನಡದ ಕುಟುಂಬಗಳು ನೆಮ್ಮದಿಯಿಂದ ಕೂಡಿ ಉಣ್ಣುವ ಜಾಗ ಹೇಳಿದರೆ ಊರಿನ ಹಿರಿಯರು ಹುಬ್ಬೇರಿಸುತ್ತಾರೆ. ಅದು ಬಿಯರ್ ತೋಟ. ನಮ್ಮ ಹೆದ್ದಾರಿಯ ಬಾರುಗಳನ್ನು ನೆನಪಿಸಿಕೊಂಡು ಅದನ್ನು ಅಳೆಯಬೇಡಿ. ಮ್ಯೂನಿಕ್ ಇರುವ ಬವೇರಿಯಾ ಪ್ರಾಂತದಲ್ಲಿ ಬಿಯರ್ ಮಾಡುವವರು ತಮ್ಮ ನೆಲಮಾಳಿಗೆ ತಂಪಾಗಿರಲೆಂದು ಮೇಲೆ ಅಗಲ ಎಲೆಯ ಚೆಸ್ಟ್‌ನಟ್ ಮರಗಳನ್ನು ನೆಟ್ಟರು, ಆ ನೆರಳಿನಲ್ಲಿ ಜನ ಕೂರತೊಡಗಿದರು. ಊಟದ ಅಂಗಡಿಗಳ ವ್ಯಾಪಾರ ಕೆಡಬಾರದೆಂದು 1812ರಲ್ಲಿ ಅಲ್ಲಿಯ ರಾಜ, ಬಿಯರ್ ಮಾಡುವವರು ಬ್ರೆಡ್ ಬಿಟ್ಟು ಬೇರೆ ತಿನಿಸು ಮಾರಕೂಡದೆಂದು ಆಜ್ಞೆ ಮಾಡಿದ. ಜನ ಮನೆಯಿಂದಲೇ ಬುತ್ತಿ ತಂದರು. ಆ ರೂಢಿ ಇಂದಿಗೂ ಉಳಿದಿದೆ, 1999ರ ಬವೇರಿಯಾದ ನಿಯಮಾವಳಿಯೂ ಅದನ್ನು ಬಿಯರ್ ತೋಟದ ಲಕ್ಷಣವೆಂದೇ ಒಪ್ಪಿದೆ. ಬಟ್ಟೆ ಹಾಸದ ಮೇಜುಗಳಲ್ಲಿ ಯಾರು ಬೇಕಾದರೂ ಮನೆಯ ಊಟ ಬಿಚ್ಚಬಹುದು, ಕುಡಿಯುವುದನ್ನು ಮಾತ್ರ ಅಲ್ಲಿಯೇ ಕೊಳ್ಳಬೇಕು. ನಮ್ಮವರು ಸೇಬಿನ ರಸ ತೆಗೆದುಕೊಂಡು, ಉದ್ದನೆಯ ಹಲಗೆಯ ಮೇಜಿನ ಮೇಲೆ ರೊಟ್ಟಿ, ಅಗಸೆ ಚಟ್ನಿ, ಬುತ್ತಿಯನ್ನ, ಮಾದಲಿ ಹರವುತ್ತಾರೆ. ಹತ್ತು ಹೆಜ್ಜೆಯಾಚೆ ಮರಳಿನ ಗುಂಡಿ, ಜಾರುಬಂಡಿ. ಮಕ್ಕಳು ಓಡಿ ಬಂದು ಒಂದು ತುತ್ತು ತಿಂದು ಮತ್ತೆ ಓಡುತ್ತಾರೆ. ಯಾರ ಮಗು ಯಾರ ಕೈತುತ್ತು ತಿಂದಿತೆಂಬ ಲೆಕ್ಕವಿಲ್ಲ. ಮತ್ತು ತಾಯಂದಿರು ಕುಳಿತು, ಮಾತನಾಡುತ್ತ, ಎಲ್ಲರ ಜೊತೆಗೇ ಉಣ್ಣುತ್ತಾರೆ.

ಇದನ್ನು ಕಂಡಾಗಲೆಲ್ಲ ನನಗೆ ಎಳ್ಳ ಅಮಾವಾಸ್ಯೆ ನೆನಪಾಗುತ್ತದೆ. ನಮ್ಮ ರಜೆ ಮಾರ್ಗಶಿರದ ಆ ಅಮಾವಾಸ್ಯೆಗೆ ಕೂಡಿಬಂದ ವರ್ಷ ಮಕ್ಕಳಿಗೆ ಬೇರೆ ಹಬ್ಬವೇ ಬೇಡ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ, ಪುಂಡಿಪಲ್ಯ, ಬದನೆಕಾಯಿ, ಕಡುಬು ಎಲ್ಲವನ್ನೂ ಬುಟ್ಟಿಗೆ ತುಂಬಿ ನೆಂಟರು, ಗೆಳೆಯರೊಂದಿಗೆ ಹೊಲಕ್ಕೆ ಹೋಗುತ್ತೇವೆ. ಬನ್ನಿಗಿಡದ ಬುಡದಲ್ಲಿ ಐದು ಕಲ್ಲಿಟ್ಟು ಪಾಂಡವರೆಂದು ಪೂಜಿಸಿ, ಬೆಳೆದು ನಿಂತ ಜೋಳದ ನಡುವೆ ಭೂಮಿತಾಯಿಗೆಂದು ಅಡುಗೆಯ ಚರಗ ಚೆಲ್ಲಿ, ನೆರಳಿನಲ್ಲಿ ಕೂರುತ್ತೇವೆ. ಮಕ್ಕಳು ಜೋಕಾಲಿಯಾಡುತ್ತಾರೆ, ಹಸಿ ಕಡಲೆ ಕಿತ್ತು ತಿನ್ನುತ್ತಾರೆ. ಅಲ್ಲಿ ಮೊಬೈಲಿನ ನೆನಪು ಯಾವ ಮಗುವಿಗೂ ಬಂದದ್ದನ್ನು ನಾನು ನೋಡಿಲ್ಲ. ಬಾದಾಮಿಯ ಬನಶಂಕರಿಯಲ್ಲಿ ಹಳ್ಳಿಯ ಹೆಂಗಸರು ಬುಟ್ಟಿಯಲ್ಲಿ ರೊಟ್ಟಿ, ಕೆಂಪು ಚಟ್ನಿ, ಗಡಿಗೆ ಮೊಸರು ತಂದು ಗಿಡದ ಕೆಳಗೆ ಬಡಿಸುತ್ತಾರಲ್ಲ, ಅಲ್ಲಿಯೂ ಅಷ್ಟೇ. ಮಗು ಮಣ್ಣಿನಲ್ಲಿ ಆಡುತ್ತಿರುತ್ತದೆ, ಬಡಿಸುವ ಅವ್ವ ಒಂದು ಕಣ್ಣು ಅದರ ಮೇಲಿಟ್ಟಿರುತ್ತಾಳೆ. ಬಯಲು ಮತ್ತು ನೆರಳು ಕೊಟ್ಟರೆ ಮಕ್ಕಳ ಜೊತೆ ಉಣ್ಣುವುದು ಸುಲಭವೆಂಬುದು ನಮ್ಮ ಹಿರಿಯರಿಗೆ ಗೊತ್ತಿತ್ತು.

ಆದರೆ ಚರಗದ ಊಟದಲ್ಲೂ ಬೆಳಗಿನ ಜಾವ ಎದ್ದು ಅಡುಗೆ ಮಾಡಿದವರೇ ಕೊನೆಯಲ್ಲಿ ಉಣ್ಣುತ್ತಾರೆ. ಗಂಡಸರ ಪಂಕ್ತಿ ಏಳುತ್ತದೆ, ಎಲೆಯಡಿಕೆ ಹಾಕಿಕೊಳ್ಳುತ್ತದೆ, ಆಮೇಲೆ ಹೆಂಗಸರು ತಳ ಸೇರಿದ ಪಲ್ಯದ ಮುಂದೆ ಕೂರುತ್ತಾರೆ. ನಮ್ಮ ಮನೆಯಲ್ಲಿ ಈಗ ಗಂಡಸರು ಬಡಿಸಿ ಹೆಂಗಸರು ಮೊದಲು ಉಣ್ಣುವ ರೂಢಿ ಹಾಕಿದ್ದೇವೆ. ಹಿರಿಯ ಚಿಕ್ಕಮ್ಮನೊಬ್ಬಳು ಮೊದಲು ಸಂಕೋಚಪಟ್ಟಳು, ಎರಡನೆಯ ಹೋಳಿಗೆಗೆ ಕೈಯೊಡ್ಡುವಾಗ ಸಂಕೋಚ ಹೋಗಿತ್ತು. ಹೊರಗೆ ಊಟಕ್ಕೆ ಹೋಗುವುದರ ದೊಡ್ಡ ಸುಖವೇ ಆ ಹೊತ್ತು ಮನೆಯ ಹೆಂಗಸರಿಗೆ ಒಲೆಯಿಂದ ಬಿಡುವು. ಖಾನಾವಳಿಗೆ ಹೋಗಿಯೂ ಆಕೆ ಆರಿದ ರೊಟ್ಟಿ ತಿನ್ನಬೇಕಾದರೆ ಹೋದದ್ದೇಕೆ?

ಹಾಗಾಗಿ ನಮ್ಮ ಊರಿನ ಖಾನಾವಳಿಯವರಲ್ಲಿ ನನ್ನದು ಸಣ್ಣ ಬೇಡಿಕೆ. ಗಟ್ಟಿಮುಟ್ಟಾದ ಎರಡು ಮಕ್ಕಳ ಕುರ್ಚಿ ಮಾಡಿಸಿಡಿ, ಊರಿನ ಬಡಿಗರೇ ಮಾಡಿಕೊಡುತ್ತಾರೆ. ಮಗುವಿಗೆ ಖಾಲಿ ತಾಟು ದುಡ್ಡಿಲ್ಲದೆ ಕೊಡಿ. ಹಾಲು ಬೆಲ್ಲದ ರೊಟ್ಟಿಯನ್ನು ಪಟ್ಟಿಯಲ್ಲಿ ಬರೆಸಿ. ಅಂಗಳವಿದ್ದವರು ಅದರ ಒಂದು ಮೂಲೆಗೆ ಮರಳು ಸುರಿಸಿ. ಸಂಜೆ ಏಳಕ್ಕೆ ಹಂಚು ಕಾದಿರಲಿ. ಗೆಳೆಯರಲ್ಲಿ ನನ್ನ ಬೇಡಿಕೆ ಇನ್ನೂ ಸಣ್ಣದು: ಮೊದಲ ಬಿಸಿ ರೊಟ್ಟಿ ಬಂದಾಗ ಮಗುವನ್ನು ನೀವು ಎತ್ತಿಕೊಳ್ಳಿ. ನಿಮ್ಮ ಮೂರನೆಯ ರೊಟ್ಟಿ ಹೇಗೂ ಬಿಸಿಯಾಗಿಯೇ ಬರುತ್ತದೆ.