ಬಾಂದ್ರಾದ ಬಂಡೆಯೂ ಎರಡು ಅಂಕದ ಸುನಾಮಿಯೂ

2025ರ ಜುಲೈ 30ರ ಬೆಳಿಗ್ಗೆ ಕುಂದಾಪುರದಿಂದ ಚಿಕ್ಕಮ್ಮನ ಫೋನು. "ಎಂತ ಮಾರಾಯಾ, ಮುಂಬಯಿಗೆ ಸುನಾಮಿ ಬಂತಂಬ್ರಲ್ಲ? ಸುಮ್ನೆ ಮನೇಲಿ ಕೂತ್ಕೋ." ನಾನಾಗಲೇ ಡೊಂಬಿವಲಿ ಲೋಕಲ್‌ನಲ್ಲಿ ಒಂದು ಕಾಲೂರಿ ನಿಂತಿದ್ದೆ.

ರಷ್ಯಾದ ಕಂಚಟ್ಕಾದಲ್ಲಿ 8.8 ತೀವ್ರತೆಯ ಭೂಕಂಪ ಆಗಿತ್ತು, ನಿಜ. ಆದರೆ ಅದು ಪೆಸಿಫಿಕ್ ಕಡೆಯ ಮಾತು. ಭಾರತಕ್ಕೆ ಅಪಾಯವಿಲ್ಲ ಎಂದು ನಮ್ಮ ದೇಶಕ್ಕೆ ಸುನಾಮಿ ಎಚ್ಚರಿಕೆ ಕೊಡುವ ಹೈದರಾಬಾದಿನ ಸಂಸ್ಥೆ ಇನ್ಕಾಯ್ಸ್ ಹೇಳಿತ್ತು. ಅಷ್ಟರಲ್ಲಿ ನಮ್ಮ ಫ್ಯಾಮಿಲಿ ಗ್ರೂಪಿಗೆ ಮರೀನ್ ಡ್ರೈವ್ ಗೋಡೆಗೆ ನೀರು ಅಪ್ಪಳಿಸುವ ಹಳೇ ವಿಡಿಯೊ ಬಂದು ಬಿದ್ದಿತ್ತು.

ಅದರಲ್ಲಿ ಇದ್ದದ್ದು ಭರತ, ಅಂದರೆ ಸಮುದ್ರ ದಿನವೂ ಉಬ್ಬಿ ಏರುವುದು. ಇಲ್ಲಿಯವರು ಭರತಿ ಅಂತಾರೆ, ಅಷ್ಟೇ ವ್ಯತ್ಯಾಸ. "ಇವತ್ತು 4.5 ಮೀಟರ್" ಎಂದು ಪೇಪರಲ್ಲಿ ಬಂದರೆ ಮಹಡಿ ಎತ್ತರದ ಅಲೆ ಬರುತ್ತೆ ಅಂದುಕೊಳ್ಳುವವರು ನಮ್ಮ ಆಫೀಸಿನಲ್ಲೇ ಇದ್ದಾರೆ. ಅದು ಅಲೆಯ ಎತ್ತರ ಅಲ್ಲ. ತೀರಾ ತಗ್ಗಿದ ಇಳಿತದ ಮಟ್ಟದಿಂದ ಅಳೆದ ನೀರಿನ ಮಟ್ಟ.

ನಗುವ ಹಕ್ಕು ನನಗೂ ಇಲ್ಲ. ಎಂಟನೇ ಕ್ಲಾಸಿನ ತಂಗಿ ಮಗಳು ಪರೀಕ್ಷೆಗೆ ಉರು ಹೊಡೆಯುತ್ತಿದ್ದಳು. ಜಪಾನಿ ಭಾಷೆಯಲ್ಲಿ ತ್ಸು ಅಂದರೆ ಬಂದರು, ನಾಮಿ ಅಂದರೆ ಅಲೆ. ಎರಡು ಅಂಕ. ಆ ಭಾನುವಾರ ಅವಳನ್ನು ಬಾಂದ್ರಾ ಬ್ಯಾಂಡ್‌ಸ್ಟ್ಯಾಂಡಿಗೆ ಕರೆದುಕೊಂಡು ಹೋದೆ. ಇಳಿತದ ಹೊತ್ತು. ಕಪ್ಪು ಬಂಡೆಗಳೆಲ್ಲ ಬರಿಮೈ ಬಿಟ್ಟಿದ್ದವು. ಸಂದಿಯಲ್ಲಿ ಚಿಪ್ಸ್ ಪ್ಯಾಕೆಟ್ಟು, ಏಡಿಮರಿ, ಸೆಲ್ಫಿಗೆ ನಿಂತ ಜೋಡಿಗಳು. "ಮಾವ, ನೀರು ಇಷ್ಟು ಹಿಂದೆ ಹೋಗಿದೆಯಲ್ಲ, ಸುನಾಮಿ ಬರ್ತದಾ?"

ನಕ್ಕುಬಿಟ್ಟೆ. ಆಮೇಲೆ ನಾಚಿಕೆಯಾಯಿತು. ಸಮುದ್ರ ಹಿಂದೆ ಸರಿದರೆ ಓಡಿ ಎಂದು ಕಲಿಸುತ್ತೇವೆ. ಮುಂಬಯಿಯ ಸಮುದ್ರವೋ ದಿನಕ್ಕೆ ಎರಡು ಸಲ ಹಿಂದೆ ಸರಿಯುತ್ತೆ! ಇಳಿತಕ್ಕೆ ಆರು ಗಂಟೆ ಬೇಕು, ಸುನಾಮಿ ನೀರು ಸರಿಯುವುದು ನಿಮಿಷಗಳಲ್ಲಿ. ಇದನ್ನು ಹೇಳದಿದ್ದರೆ ಆ ಪಾಠ ಈ ಊರಿನ ಮಗುವಿಗೆ ಯಾತಕ್ಕೆ ಬಂತು? ಅದೂ ಅಲ್ಲದೆ ನೀರು ಪ್ರತಿ ಸಲ ಮೊದಲು ಹಿಂದೆ ಹೋಗಲೇಬೇಕೆಂದಿಲ್ಲ. ನೇರ ಏರಿಯೂ ಬರಬಹುದು. ಮೊದಲ ಅಲೆಯೇ ದೊಡ್ಡದು ಅಂತಲೂ ಇಲ್ಲ.

2004ರ ಡಿಸೆಂಬರ್ 26ರಂದು ಥಾಯ್ಲೆಂಡಿನ ಫುಕೆಟ್‌ನಲ್ಲಿ ಟಿಲಿ ಸ್ಮಿತ್ ಎಂಬ ಹತ್ತು ವರ್ಷದ ಇಂಗ್ಲಿಷ್ ಹುಡುಗಿ ಕಂಡದ್ದೂ ಬೇರೆಯೇ. ನೀರು ಬರುತ್ತಲೇ ಇತ್ತು, ವಾಪಸ್ ಹೋಗುತ್ತಿರಲಿಲ್ಲ. ಮೇಲೆ ಬಿಯರಿನಂಥ ನೊರೆ. ಎರಡು ವಾರದ ಹಿಂದಷ್ಟೇ ಭೂಗೋಳದ ಮೇಷ್ಟ್ರು ಸುನಾಮಿಯ ವಿಡಿಯೊ ತೋರಿಸಿದ್ದರು. ಅವಳು ಹಟ ಹಿಡಿದು ಕಿರುಚಿದಳು, ಬೀಚು ಖಾಲಿಯಾಯಿತು. ಅವಳ ನೆನಪಿಗೆ ಬಂದದ್ದು ಕಣ್ಣಲ್ಲಿ ನೋಡಿದ ನೀರು, ತ್ಸು-ನಾಮಿ ಅಲ್ಲ.

ಸುಮಾತ್ರಾ ಪಕ್ಕದ ಸಿಮೆಲೂ ದ್ವೀಪದ ಕತೆ ಇದಕ್ಕಿಂತ ದೊಡ್ಡದು. ಅದೇ 2004ರ ಭೂಕಂಪದ ಕೇಂದ್ರಕ್ಕೆ ತೀರಾ ಹತ್ತಿರದ ಜಾಗ. ಸುಮಾರು 78,000 ಜನರಲ್ಲಿ ಸತ್ತವರು ಏಳು ಮಂದಿ. 1907ರ ಸುನಾಮಿಯ ನೆನಪನ್ನು ಅಜ್ಜಿಯಂದಿರು 'ಸ್ಮೋಂಗ್' ಎಂದು ಕತೆಯಲ್ಲಿ, ಹಾಡಿನಲ್ಲಿ ಇಟ್ಟುಕೊಂಡಿದ್ದರು. ನೆಲ ಜೋರಾಗಿ ನಡುಗಿತೋ, ಗುಡ್ಡ ಹತ್ತು. ಲ್ಯಾಬೂ ಇಲ್ಲ, ಅಂಕವೂ ಇಲ್ಲ.

ಆದರೆ ಮುಂಬಯಿಗೆ ಆ ಪಾಠವನ್ನೂ ಹಾಗೇ ಎತ್ತಿ ತರಲಾಗದು. ನಮ್ಮ ಕಡೆಗೆ ಸುನಾಮಿ ಬರುವುದಾದರೆ ಹೆಚ್ಚಾಗಿ ಪಾಕಿಸ್ತಾನ–ಇರಾನ್ ಕರಾವಳಿಯ ಮಕ್ರಾನ್‌ನಿಂದ. ನಮ್ಮ ಕಾಲ ಕೆಳಗಿನ ನೆಲ ಅಲುಗಿದ್ದು ಗೊತ್ತೂ ಆಗದಿರಬಹುದು. ಬದಲಿಗೆ ಕೆಲವು ಗಂಟೆ ಸಮಯ ಸಿಗುತ್ತೆ. ಆ ಗಂಟೆಗಳಲ್ಲಿ ಜನ ಎಚ್ಚರಿಕೆಯನ್ನು ನಂಬುತ್ತಾರೋ ಗ್ರೂಪಿನ ವಿಡಿಯೊ ನಂಬುತ್ತಾರೋ ಅನ್ನುವುದೇ ನನ್ನ ಹೆದರಿಕೆ.

ಇದು ಬರೀ ಊಹೆಯಲ್ಲ. 1945ರ ನವೆಂಬರ್ 28ರಂದು ಮಕ್ರಾನ್‌ನಲ್ಲಿ ನಸುಕಿಗೆ ಮೊದಲೇ 8.1ರ ಭೂಕಂಪವಾಗಿ, ಬೆಳಿಗ್ಗೆ ಅದರ ಅಲೆ ಮುಂಬಯಿಗೂ ಬಂದಿತ್ತು. ಸುಮಾರು ಎರಡು ಮೀಟರ್. ಇಲ್ಲೂ ಕೆಲವರು ಕೊಚ್ಚಿಹೋದರು. ನಾನು ಈ ಊರಲ್ಲಿ ಇಪ್ಪತ್ತಾರು ವರ್ಷದಿಂದ ಇದ್ದೇನೆ, ಒಬ್ಬರ ಬಾಯಲ್ಲೂ ಇದನ್ನು ಕೇಳಿಲ್ಲ.

ಆಗಲೂ ನಮ್ಮವರು ಇಲ್ಲಿ ಹೋಟೆಲುಗಳಲ್ಲಿ ದುಡಿದು, ರಾತ್ರಿ ಶಾಲೆಗೆ ಹೋಗುತ್ತಿದ್ದರಲ್ವಾ? ನಿಮ್ಮ ಅಜ್ಜನೋ ದೊಡ್ಡಪ್ಪನೋ ಆ ಬೆಳಗಿನ ಬಗ್ಗೆ ಏನಾದರೂ ಹೇಳಿದ್ದು ನೆನಪಿದ್ದರೆ ಕೆಳಗೆ ಬರೆಯಿರಿ. ತಂಗಿ ಮಗಳಿಗೆ ಓದಿ ಹೇಳಬೇಕು.