ಡಂಜನೆಸ್ ಮರುಭೂಮಿ ಅಲ್ಲ
‘ಬ್ರಿಟನ್ನಿನ ಏಕೈಕ ಮರುಭೂಮಿ’ ಅಂತ ಇಂಗ್ಲೆಂಡಿನ ಕೆಂಟ್ ಕರಾವಳಿಯ ಡಂಜನೆಸ್ ಫೋಟೊಗಳು ಓಡಾಡುತ್ತಿವೆ. ಇದು ತಪ್ಪು. ಅಲ್ಲಿನ ಹವಾಮಾನ ಇಲಾಖೆಯೇ 2015ರಲ್ಲಿ ಇದನ್ನು ಅಲ್ಲಗಳೆದಿತ್ತು. ವರ್ಷಕ್ಕೆ 250 ಮಿ.ಮೀ.ಗಿಂತ ಕಡಿಮೆ ಮಳೆಯಾದರೆ ಮರುಭೂಮಿ ಎನ್ನುವುದು ವಾಡಿಕೆ; ಇಲ್ಲಿ ಅದಕ್ಕಿಂತ ಎಷ್ಟೋ ಜಾಸ್ತಿ ಬೀಳುತ್ತದೆ. ಬೋಳಾಗಿ ಕಾಣುವುದು ಉರುಟು ಕಲ್ಲುಗಳಿಂದ. ನೀರು ನಿಲ್ಲುವುದಿಲ್ಲ, ಮಣ್ಣೂ ಕಡಿಮೆ.

ಹಾಗಂತ ಸುಮ್ನೆ ಕಲ್ಲುರಾಶಿಯೂ ಅಲ್ಲ. ಸುಮಾರು 600 ಬಗೆಯ ಗಿಡಗಳಿವೆ! ಕಡಲಂಚಿನಲ್ಲಿ ಕೋಸಿನ ನೆಂಟನಾದ ಸೀ ಕೇಲ್, ಹಳದಿ ಹೂವಿನ ಗಸಗಸೆ. ಒಳಗೆ ಹೋದಂತೆ ಬ್ರೂಮ್ ಪೊದೆ, ಕಲ್ಲುಹೂವು, ಗಾಳಿಗೆ ಹೆದರಿ ನೆಲಕ್ಕೇ ಅಂಟಿಕೊಂಡ ಮುಳ್ಳುಗಿಡ ಬ್ಲ್ಯಾಕ್‌ಥಾರ್ನ್. ಯಾವ ಗಿಡ ಯಾವುದರ ಜೊತೆ ಬೆಳೆಯುತ್ತದೆ ಎಂದು ನೋಡಿಯೇ ತಜ್ಞರು ಇಂಥ ಜಾಗವನ್ನು ವಿಂಗಡಿಸುತ್ತಾರೆ. ಬ್ರಿಟನ್ನಿನ ರಾಷ್ಟ್ರೀಯ ಸಸ್ಯ ವರ್ಗೀಕರಣದಲ್ಲಿ ಕಡಲಂಚಿನ ಈ ಗಿಡಗಳ ಕೂಟದ ಗುರುತು ‘ಎಸ್‌ಡಿ1’. ಮರುಭೂಮಿ ಎಂಬ ಗುಂಪೇ ಅದರಲ್ಲಿಲ್ಲ.